ಅವನ ಪಾಲಿನ ಲೋಟ

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿದ್ದಷ್ಟು ಹೊತ್ತಿನಲ್ಲೇ ಅವಳ ಸಂಸಾರ ಮುಗಿದುಹೋಯಿತು. ರಸ್ತೆಯಾಚೆಯ ನೆಲಮಹಡಿಯ ಕಿಟಕಿಯೊಳಗೆ ಅವಳ ಗಂಡ ಕೂತಿದ್ದ. ಎದುರಿಗೆ ಬೂದು ಕೋಟಿನ ಹೆಂಗಸೊಬ್ಬಳು ಅವನ ಬಲಗೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಿದ್ದಳು. ಸಂಜೆ ಮನೆಗೆ ಬಂದವನನ್ನು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ್ದಕ್ಕೆ, ಅಂಗಡಿ ಬಿಟ್ಟು ಕದಲಲೇ ಇಲ್ಲ, ಒಂದು ಗೋಡೆ ಗಡಿಯಾರ ಜೀವ ತಿಂದುಬಿಟ್ಟಿತು ಎಂದ. ಮುಂದಿನ ವಾರ ಬೇಕೆಂದೇ ಅದೇ ಬಸ್ಸು ಹತ್ತಿದಳು. ಅದೇ ಕಿಟಕಿ, ಅದೇ ಹೆಂಗಸು, ಅದೇ ಕೈ. ಇಳಿದು ಹೋಗಿ ಜುಟ್ಟು ಹಿಡಿದು ಜಗಳವಾಡುವ ಪೈಕಿಯಲ್ಲ ಅವಳು. ಟಿಕೆಟ್ಟನ್ನು ಬೆರಳಲ್ಲಿ ಸುತ್ತುತ್ತ ಕೊನೆಯ ನಿಲ್ದಾಣದವರೆಗೂ ಹೋಗಿ ವಾಪಸು ಬಂದಳು.

ಬರೀ ಸುಳ್ಳಾಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಆ ಸುಳ್ಳು ಹೇಳುವಾಗ ಅವನ ಕೈಯಲ್ಲಿ ಅವಳು ಬೆರೆಸಿಕೊಟ್ಟ ವೈನಿನ ಲೋಟವಿತ್ತು. ಹುಟ್ಟಿದ ಮಗು ಆಸ್ಪತ್ರೆಯಿಂದ ಮನೆಗೆ ಬರದೇ ಹೋದ ಆ ವರ್ಷ ಇಬ್ಬರ ನಡುವೆ ಮಾತೇ ನಿಂತುಹೋಗಿತ್ತು. ಒಂದು ಸಂಜೆ ಅವನು ಅಗ್ಗದ ಕೆಂಪು ವೈನಿನ ಬಾಟಲಿ ತಂದು ಮೇಜಿನ ಮೇಲಿಟ್ಟ. ಬಾಯಿಗಿಟ್ಟರೆ ಬರೀ ಒಗರು. ಅವಳು ಎದ್ದು ಹೋಗಿ ಅದಕ್ಕೆ ಕಿತ್ತಳೆ ಹಿಂಡಿದಳು, ಸಕ್ಕರೆ ಪಾಕ ಹಾಕಿದಳು, ದಾಲ್ಚಿನ್ನಿ ಚಕ್ಕೆಯಲ್ಲಿ ಕಲಕಿ ಸೋಡಾ ಸುರಿದಳು. ಅವನು ಒಂದು ಗುಟುಕು ಕುಡಿದು, "ಈಗ ಪರವಾಗಿಲ್ಲ" ಎಂದ. ಆ ಮನೆಯಲ್ಲಿ ಎಷ್ಟೋ ವಾರಗಳ ನಂತರ ಕೇಳಿಸಿದ ಮೊದಲ ಮಾತು ಅದು. ಅಂದಿನಿಂದ ದೀಪ ಹಾಕುವ ಹೊತ್ತಿಗೆ ಎರಡು ಲೋಟ ಬೆರೆಸದ ದಿನವಿಲ್ಲ. ಅವರ ಪಾಲಿಗೆ ಆ ಮಗುವಿನ ನೆನಪಿಗೆ ಉಳಿದದ್ದೂ ಅದೊಂದೇ. ಅಂಥ ಲೋಟ ಹಿಡಿದುಕೊಂಡು ಸುಳ್ಳು ಹೇಳಿದವನು ಬದುಕಿರುವುದು ಬೇಡ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ ಮೇಲೆ ಅಳುವೂ ನಿಂತಿತು.

ಅವಳ ಕೆಲಸ ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ. ಗಾಜಿನ ಪೆಟ್ಟಿಗೆಗಳಲ್ಲಿ ನಿಂತಿರುವ ಸತ್ತ ಹಕ್ಕಿಗಳ ಪುಕ್ಕ ಒರೆಸುವುದು, ಬಿರಿದ ಚರ್ಮ ಹೊಲಿಯುವುದು, ಉದುರಿದ ಕಣ್ಣು ಕೂಡಿಸುವುದು. ಹಳೆಯ ಕಾಲದಲ್ಲಿ ತೊಗಲಿಗೆ ಹುಳು ಬೀಳದಂತೆ ಹಚ್ಚುತ್ತಿದ್ದ ಬಿಳಿ ಪುಡಿಯ ಡಬ್ಬಿಯೊಂದು ಕಪಾಟಿನ ಮೂಲೆಯಲ್ಲಿ ಎಲ್ಲರೂ ಮರೆತು ಬಿದ್ದಿತ್ತು. ವಿಷವೆಂದು ಅದನ್ನು ಈಗ ಯಾರೂ ಮುಟ್ಟುವುದಿಲ್ಲ, ಯಾರೂ ಕೇಳುವುದಿಲ್ಲ. ಅವಳು ಅದನ್ನು ಊಟದ ಚೀಲದಲ್ಲಿಟ್ಟು ಮನೆಗೆ ತಂದಳು.

ಒಂದೇ ಸಲಕ್ಕೆ ಮುಗಿಸಿದರೆ ನಾಲ್ಕು ಜನ ಪ್ರಶ್ನೆ ಕೇಳುತ್ತಾರೆ. ದಿನಕ್ಕೊಂದು ಚಿಟಿಕೆಯಾದರೆ ಮನುಷ್ಯ ಸೊರಗುತ್ತಾನೆ, ಸುಸ್ತು ಎನ್ನುತ್ತಾನೆ, ವಯಸ್ಸಾಯಿತು ಎನ್ನುತ್ತಾನೆ. ಹೆಂಡತಿ ಗಂಜಿ ಕಾಯಿಸಿಕೊಡುತ್ತಾಳೆ. ನೋಡಿದವರು ಪುಣ್ಯಾತ್ಗಿತ್ತಿ ಎನ್ನುತ್ತಾರೆ. ಕೊನೆಗೆ ಎಲ್ಲವೂ ಸದ್ದಿಲ್ಲದೆ ಮುಗಿಯುತ್ತದೆ. ಜಗ್ಗಿನಿಂದ ಎರಡೂ ಲೋಟಕ್ಕೆ ಬಗ್ಗಿಸಿ, ಪುಡಿಯನ್ನು ಅವನ ಲೋಟಕ್ಕೆ ಮಾತ್ರ ಹಾಕುತ್ತಿದ್ದಳು. ಅವನ ಪಾಲಿಗೆ ಪಾಕ ಒಂದು ಚಮಚ ಜಾಸ್ತಿ. ಕೊಲ್ಲುವಾಗಲೂ ಅವನ ನಾಲಿಗೆಗೆ ಕಹಿಯಾಗಬಾರದು ಎಂದು ತಾನು ಯೋಚಿಸುತ್ತಿದ್ದೇನೆ ಅನ್ನುವುದು ಅವಳಿಗೆ ಆಮೇಲೆ ಹೊಳೆದು, ತನ್ನ ಮೇಲೆಯೇ ಸಿಟ್ಟು ಬಂತು.

ಅವನ ನಡವಳಿಕೆಯೂ ಅವಳಿಗೆ ಅನುಕೂಲವಾಗಿಯೇ ಇತ್ತು. ಮೊದಲಾದರೆ ಅಡಿಗೆಮನೆಯ ಮೇಜಿನಲ್ಲೇ ಎದುರುಬದುರು ಕೂತು ಕುಡಿಯುತ್ತಿದ್ದರು. ಈಚೆಗೆ, ರಿಪೇರಿ ಉಳಿದಿದೆ ಎಂದು ಲೋಟವನ್ನು ನಡುಮನೆಯ ತನ್ನ ಮೇಜಿಗೆ ಒಯ್ಯುತ್ತಿದ್ದ. ಬೆನ್ನು ತಿರುಗಿಸಿ ಕೂತು ಅಲ್ಲಿಂದಲೇ ಮಾತಾಡುತ್ತಿದ್ದ. ಅವಳು ಮುಖ ತೊಳೆದು ಬರುವುದರೊಳಗೆ ಲೋಟವನ್ನು ತಾನೇ ತೊಳೆದು ಬೋರಲು ಹಾಕಿರುತ್ತಿದ್ದ. ತಪ್ಪು ಮಾಡಿದ ಗಂಡಸಿಗೆ ಎಲ್ಲಿಲ್ಲದ ಒಳ್ಳೆಯತನ ಬರುತ್ತದೆ ಎಂದು ಅವಳು ಒಳಗೊಳಗೇ ನಕ್ಕಳು. ಸಾಕ್ಷಿಯನ್ನು ತೊಳೆಯುವ ಕೆಲಸವನ್ನೂ ಅವನೇ ವಹಿಸಿಕೊಂಡಿದ್ದ.

ಆದರೆ ಮನುಷ್ಯ ಸೊರಗಲಿಲ್ಲ. ಕೆನ್ನೆ ತುಂಬಿಕೊಂಡಿತು, ಬೆಳಗ್ಗೆ ಸ್ನಾನ ಮಾಡುವಾಗ ಏನೋ ಗುನುಗುವುದು ಕೇಳಿಸುತ್ತಿತ್ತು. ಹೊಸ ಹೆಣ್ಣಿನ ಗಾಳಿ ಎಂದು ಅವಳು ಹಲ್ಲು ಕಚ್ಚಿದಳು. ಪುಡಿ ಹಳತಾಗಿ ಸತ್ವ ಹೋಗಿರಬೇಕು ಅಂದುಕೊಂಡು ಚಿಟಿಕೆಯನ್ನು ದೊಡ್ಡದು ಮಾಡಿದಳು.

ಸೊರಗಿದ್ದು ಅವಳು. ಸೂಜಿ ಹಿಡಿದ ಬೆರಳ ತುದಿ ಜೋಮು ಹಿಡಿಯತೊಡಗಿತು. ಬಾಚಣಿಗೆಯಲ್ಲಿ ಕೂದಲು ಕಂತೆ ಕಂತೆಯಾಗಿ ಬಂತು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ಸಂಕಟ ಮನಸ್ಸನ್ನು ತಿಂದ ಮೇಲೆ ಮೈಯನ್ನು ಬಿಡುತ್ತದೆಯೇ? ಅನ್ನ ಸೇರದಿದ್ದರೂ ಬೆಳಗಿನ ಹುಳಿನೀರನ್ನು ಮಾತ್ರ ಅವಳು ಬಿಡಲಿಲ್ಲ. ಬಾಟಲಿಯ ತಳದಲ್ಲಿ ಉಳಿದ ವೈನನ್ನು ಹಿತ್ತಲ ಬಾಗಿಲ ಪಕ್ಕದ ಪಿಂಗಾಣಿ ಜಾಡಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಹುಳಿಯಾಗಲು ಬಿಡುವುದು ಅವಳ ಹಳೆಯ ರೂಢಿ. ಅದರಿಂದ ಒಂದು ಸೌಟು ತೆಗೆದು, ನೀರು ಜೇನುತುಪ್ಪ ಬೆರೆಸಿ ಖಾಲಿ ಹೊಟ್ಟೆಗೆ ಕುಡಿಯುತ್ತಿದ್ದಳು. ಗಂಡನಿಗೆ ಹುಳಿ ಆಗದು, ಎದೆ ಉರಿಯುತ್ತದೆ. ಈಚೆಗೆ ಅದರ ಹುಳಿಯೂ ಮೊದಲಿನಂತೆ ಚುರುಕಾಗಿರಲಿಲ್ಲ. ದುಃಖಕ್ಕೆ ನಾಲಿಗೆಯೂ ಸತ್ತಿದೆ ಎಂದುಕೊಂಡಳು.

ಹಾಸಿಗೆ ಬಿಟ್ಟು ಏಳಲಾಗದ ದಿನವೂ ಬಂತು. ಹುಳಿನೀರನ್ನು ಗಂಡನೇ ಕಲಸಿ ತಂದು, ಅವಳ ತಲೆಯನ್ನು ತೋಳಿನಲ್ಲಿ ಆನಿಸಿಕೊಂಡು ಕುಡಿಸಿದ. ಬೇಗ ಚೇತರಿಸಿಕೊಳ್ಳಲಿ ಎಂದು ಒಂದು ಸೌಟು ಹೆಚ್ಚಿಗೇ ಹಾಕಿದ್ದೇನೆ ಎಂದ. ಆಮೇಲೆ ಮಂಚದ ಅಂಚಿನಲ್ಲಿ ಕೂತು ತನ್ನ ಬಲಗೈಯನ್ನು ಅವಳ ಮುಂದೆ ಚಾಚಿದ.

"ನೋಡು, ಈಗ ನಡುಗಲ್ಲ."

ಕೈ ನಡುಕ ಶುರುವಾಗಿ ಬಹಳ ಕಾಲವಾಗಿತ್ತಂತೆ. ಗಡಿಯಾರದ ತಿರುಪುಮೊಳೆ ಹಿಡಿಯಲಾಗದೆ ಅಂಗಡಿಯಲ್ಲಿ ಒಬ್ಬನೇ ಕೂತು ಅತ್ತಿದ್ದನಂತೆ. ಸಿಗ್ನಲ್ಲಿನ ಎದುರಿನ ನೆಲಮಹಡಿಯಲ್ಲಿ ನರದ ಡಾಕ್ಟರಮ್ಮ ಇದ್ದಾರೆ, ವಾರಕ್ಕೊಮ್ಮೆ ಕೈ ನೋಡುತ್ತಾರೆ, ಮೊದಲ ದಿನವೇ ಒಂದು ತೊಟ್ಟೂ ಕುಡಿಯಕೂಡದು ಎಂದು ಕಟ್ಟಪ್ಪಣೆ ಮಾಡಿದ್ದರು ಎಂದ. ಅವಳು ಅವನ ಮುಖವನ್ನೇ ನೋಡಿದಳು.

"ಮತ್ತೆ ನಾನು ದಿನಾ ಕೊಟ್ಟಿದ್ದು?"

"ಒಂದು ಗುಟುಕೂ ಕುಡಿದಿಲ್ಲ. ಹೇಳಿದ್ರೆ ನೀನು ಬೆರೆಸೋದನ್ನೇ ಬಿಟ್ಟುಬಿಡ್ತಿದ್ದೆ. ಆಮೇಲೆ ಸಂಜೆ ಹೊತ್ತು ನಾವಿಬ್ರೂ ಏನು ಮಾಡೋದು?"

ಅವಳು ಅವನ ಕೈಯನ್ನು ಎದೆಗೊತ್ತಿಕೊಂಡು ಅತ್ತಳು. ಯಾರೂ ಮೋಸ ಮಾಡಿರಲಿಲ್ಲ. ಯಾರೂ ಸತ್ತಿರಲಿಲ್ಲ. ಎದ್ದು ಓಡಾಡುವಂತಾದ ಕೂಡಲೇ ಡಬ್ಬಿಯನ್ನು ಇದ್ದಲ್ಲಿಗೇ ಇಟ್ಟುಬಿಟ್ಟರಾಯಿತು, ನಾಳೆಯಿಂದ ಅವನಿಗೆ ಬರೀ ಕಿತ್ತಳೆ ರಸ. ಇಷ್ಟು ದೊಡ್ಡ ಕ್ಷಮೆ ಕೇಳದೇ ಸಿಕ್ಕಿತಲ್ಲ ಎಂದು ಮೈ ಹಗುರಾಯಿತು. ಡಾಕ್ಟರಮ್ಮ ಇವತ್ತು ಇಲ್ಲಿಗೇ ಬರುತ್ತಾರೆ, ಏನು ತಿಂದೆ ಏನು ಕುಡಿದೆ ಎಂದು ಕೇಳುತ್ತಾರೆ, ಒಂದೂ ಮುಚ್ಚಿಡಬೇಡ ಎಂದು ಅವನು ಅವಳ ಕಣ್ಣೊರೆಸಿದ.

"ಅಷ್ಟೂ ವೈನನ್ನ ಸಿಂಕಿಗೆ ಸುರಿದ್ರಾ?" ಎಂದು ಅವಳು ಅಳುವಿನ ನಡುವೆಯೇ ನಕ್ಕು ಕೇಳಿದಳು. "ಛೆ, ನೀನು ಮಾಡಿದ್ದನ್ನ ಚೆಲ್ಲೋಕೆ ನನಗೆ ಮನಸ್ಸು ಬರುತ್ತಾ?" ಎನ್ನುತ್ತ ಅವನು ಮಂಚದ ಪಕ್ಕದಲ್ಲಿದ್ದ ಹುಳಿನೀರಿನ ಖಾಲಿ ಲೋಟ ತೆಗೆದುಕೊಂಡ. ಅವಳ ನಗು ಹಾಗೇ ನಿಂತಿತು. ಬಸ್ಸಿನ ಕಿಟಕಿಯಿಂದ ನೋಡಿದ ಆ ದಿನದಿಂದ ಅವಳು ಜಾಡಿಗೆ ಒಂದು ತೊಟ್ಟು ವೈನನ್ನೂ ಹಾಕಿರಲಿಲ್ಲ, ಬೆಳಗಾದರೆ ತಪ್ಪದೆ ಅದರಿಂದ ತೆಗೆದಿದ್ದಳು, ಆದರೂ ಸೌಟು ಒಂದು ದಿನವೂ ತಳ ಮುಟ್ಟಿರಲಿಲ್ಲ.