ಅನಸೂಯಾ ಮನೆಯ ಬನ್ನಿಮರ

ತನ್ನದೇ ಹಿತ್ತಲಿನಲ್ಲಿ ತಾನು ಮನೆ ಕಟ್ಟದಂತೆ ಒಂದು ಮರ ಅಡ್ಡ ನಿಂತಿದೆ ಎಂಬುದು ತ್ರಿವಿಕ್ರಮನಿಗೆ ಸಹಿಸಲಾಗದ ಅವಮಾನವಾಗಿತ್ತು. ಈ ಪರದೇಶದ ಗ್ಲೆನ್ ವೇವರ್ಲಿ ಬಡಾವಣೆಯ ಆ ಜಾಗ ಕೊಂಡಾಗಲೇ ಹಿಂದೆ ಇನ್ನೊಂದು ಮನೆ ಎಬ್ಬಿಸಿ, ರೆಂಟಿಗೆ ಕೊಟ್ಟು, ಮಾರ್ಟ್‌ಗೇಜಿನಿಂದ ಬೇಗ ಬಿಡಿಸಿಕೊಳ್ಳಬೇಕೆಂದಿದ್ದ. ಸರಿಯಾಗಿ ನಟ್ಟನಡುವೆ ಹಳೆಯ ನೀಲಗಿರಿ. ಕಡಿಯಲು ಇಲ್ಲಿನ ನಗರಸಭೆಯಾದ ಕೌನ್ಸಿಲ್ ಅನುಮತಿ ಕೊಡಲಿಲ್ಲ. ಆ ನಿಯಮ ತಂದವಳು ಕೌನ್ಸಿಲರ್ ಅನಸೂಯಾ. ಅವನಂತೆಯೇ ಮೈಸೂರಿನವಳು, ಅವನ ಹೆಂಡತಿ ಅಮೂಲ್ಯಾ ಬಾಯಿ ತುಂಬ ಅಕ್ಕ ಎನ್ನುವವಳು, ಅವನಿಗೆ ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಗುವ ಮೊದಲು ಎಷ್ಟೋ ಸಂಜೆ ಕರೆದು ಊಟ ಹಾಕಿದವಳು. ನೀವೊಂದು ಮಾತು ಹೇಳಿ ಎಂದು ಕೇಳಿಕೊಂಡರೆ, ಬೇಸಿಗೆಯಲ್ಲಿ ಬೀದಿ ತಂಪಾಗಿರಬೇಕಾದರೆ ಮರ ಬೇಕೇ ಬೇಕಲ್ಲಪ್ಪ ಎಂದು ನಕ್ಕು, ಅವನ ತಟ್ಟೆಗೆ ಇನ್ನೊಂದು ದೋಸೆ ಹಾಕಿದ್ದಳು. ಆ ದೋಸೆ ಅವನಿಗೆ ಇಂದಿಗೂ ಜೀರ್ಣವಾಗಿರಲಿಲ್ಲ.

ಆದ್ದರಿಂದಲೇ ಅವನು ಕೌನ್ಸಿಲ್ ಚುನಾವಣೆಗೆ ಅವಳ ಎದುರು ನಿಂತ. ಬಿರುಗಾಳಿಗೆ ಮರ ಮನೆಯ ಮೇಲೆ ಬೀಳುತ್ತದೆ, ನೆರೆ ಬಂದಾಗ ಎಲೆ ತುಂಬಿ ಚರಂಡಿ ಕಟ್ಟಿಕೊಳ್ಳುತ್ತದೆ, ಹವಾಮಾನ ಬದಲಾವಣೆಗೆ ಉತ್ತರ ಗಟ್ಟಿ ಚರಂಡಿಯೇ ಹೊರತು ಮರವಲ್ಲ ಎಂದು ರೈಲು ಸ್ಟೇಷನ್ ಬಾಗಿಲಲ್ಲಿ ಕರಪತ್ರ ಹಂಚಿದ. ಜನ ಮುಗುಳ್ನಕ್ಕು ತೆಗೆದುಕೊಂಡು ಮುಂದಿನ ಕಸದ ಬುಟ್ಟಿಗೆ ಹಾಕಿದರು. ಅನಸೂಯಾಳ ಮೇಲೆ ಅವರಿಗೆ ನಂಬಿಕೆ. ಆ ನಂಬಿಕೆಯನ್ನೇ ಬೇರುಸಹಿತ ಕೀಳಬೇಕು ಎಂದು ತ್ರಿವಿಕ್ರಮನಿಗೆ ಹೊಳೆದದ್ದು ಅವಳ ಮನೆಯ ಮುಂದೆ ಕಾರು ನಿಧಾನ ಮಾಡಿದಾಗ.

ಅವಳ ಅಂಗಳದಲ್ಲಿ ಎತ್ತರದ ವಾಟಲ್ ಮರವಿತ್ತು. ಈ ದೇಶದಲ್ಲಿ ಬನ್ನಿ ಎಲ್ಲಿಂದ ಬರಬೇಕು? ಎಲೆ ಹೆಚ್ಚು ಕಡಿಮೆ ಹಾಗೆಯೇ ಇದೆಯೆಂದು ಕನ್ನಡದವರೆಲ್ಲ ಅದನ್ನೇ ಬನ್ನಿಮರ ಮಾಡಿಕೊಂಡಿದ್ದರು. ನವರಾತ್ರಿಯಲ್ಲಿ ಅನಸೂಯಾ ಅದಕ್ಕೆ ಪೂಜೆ ಮಾಡುತ್ತಿದ್ದಳು, ವಿಜಯದಶಮಿಗೆ ಎಲ್ಲರೂ ಅದರ ಎಲೆ ಹಂಚಿಕೊಳ್ಳುತ್ತಿದ್ದರು. ತ್ರಿವಿಕ್ರಮ ಅದನ್ನು ಕಂಡು ಎದುರಿಗೇ ಗೇಲಿ ಮಾಡುತ್ತಿದ್ದ. ಈಗ ಅವನು ನೋಡಿದ್ದು ಮರವನ್ನಲ್ಲ, ಅದರ ನೆರಳನ್ನು. ಅದು ಅವಳು ಹೊಸದಾಗಿ ಹಾಕಿಸಿದ್ದ ಸೋಲಾರ್ ಪ್ಯಾನಲ್‌ಗಳ ಮೇಲೆ ಬಿದ್ದಿತ್ತು. ಮರ ಉಳಿಸಿ ಎನ್ನುವ ಕೌನ್ಸಿಲರ್, ತನ್ನ ಕರೆಂಟ್ ಬಿಲ್ಲಿಗಾಗಿ ಮರಕ್ಕೆ ವಿಷವಿಕ್ಕಿದಳು! ಹೀಗೊಂದು ಸುದ್ದಿಯ ತಲೆಬರಹ ಅವನ ಕಣ್ಣ ಮುಂದೆ ಮೂಡಿತು. ಕಾರಣವನ್ನು ಅವನು ಕಟ್ಟಬೇಕಾಗಿಯೇ ಇರಲಿಲ್ಲ, ಅವಳೇ ಚಾವಣಿಯ ಮೇಲೆ ಹರಡಿಟ್ಟಿದ್ದಳು.

ಕೆಲಸವನ್ನು ಅವನು ಅವಸರವಿಲ್ಲದೆ ಯೋಚಿಸಿದ. ಡ್ರಿಲ್ಲನ್ನೂ ಕಳೆನಾಶಕವನ್ನೂ ತನ್ನ ಗುರುತು ಯಾರಿಗೂ ಇಲ್ಲದ ದೂರದ ಸಬರ್ಬ್‌ನಲ್ಲಿ ಕೊಂಡ. ಹಳದಿ ಜಾಕೆಟ್ ತೊಟ್ಟವನನ್ನು ಈ ಊರಿನಲ್ಲಿ ಯಾರೂ ಯಾರೆಂದು ಕೇಳುವುದಿಲ್ಲ, ಕೌನ್ಸಿಲಿನವನೇ ಇರಬೇಕು ಎಂದುಕೊಳ್ಳುತ್ತಾರೆ. ದಿನವೂ ತಾನೇ ಒದಗಿಬಂತು: ನವರಾತ್ರಿಯ ಮೊದಲ ಸಂಜೆ ಅಭ್ಯರ್ಥಿಗಳ ಸಭೆ. ಅನಸೂಯಾ ಕುರ್ಚಿ ಜೋಡಿಸಲು ಗಂಡ ಶ್ರೀನಾಥನನ್ನೂ ಕರೆದುಕೊಂಡು ಬೇಗ ಹೋಗುವವಳು. ಅಮೂಲ್ಯಾ ಗೊಂಬೆ ಕೂರಿಸಲು ಸಿಡ್ನಿಯ ತಂಗಿಯ ಮನೆಗೆ ಹೋಗಿದ್ದಳು. ತನ್ನ ಜಾಡು ಸಿಗದಿರಲೆಂದು ಅವನು ಫೋನನ್ನು ದೂರದ ಕ್ರಾನ್‌ಬರ್ನ್‌ನ ಆಫೀಸಿನಲ್ಲೇ ಮರೆತವನಂತೆ ಬಿಟ್ಟು ಬಂದ.

ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಬುಡದಲ್ಲಿ ತೂತು ಕೊರೆದು, ವಿಷ ಸುರಿದು, ಮಣ್ಣು ಮೆತ್ತಿದ. ಗ್ಲೌಸ್, ಡ್ರಿಲ್, ಜಾಕೆಟ್ ಎಲ್ಲವನ್ನೂ ದಾರಿಯಲ್ಲಿ ಬೇರೆ ಬೇರೆ ಕಡೆ ಬಿಸಾಡಿದ. ಕಾರಿನಲ್ಲಿ ಕೂತು ಉಗುರು, ಅಂಗಿಯ ತೋಳು, ಬೂಟಿನ ಅಡಿ ನೋಡಿಕೊಂಡ. ಸಭೆಯಲ್ಲಿ ಮೈಕ್ ಹಿಡಿದು, ಕ್ರಾನ್‌ಬರ್ನ್‌ನಿಂದ ನೇರವಾಗಿ ಬಂದೆ, ಮನೆಗೂ ಹೋಗಲಾಗಲಿಲ್ಲ, ತಡವಾದದ್ದಕ್ಕೆ ಕ್ಷಮಿಸಿ ಎಂದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ.

ಮರ ಹಳದಿಯಾಗತೊಡಗಿದ್ದು ಮನೆಮನೆಗೆ ಅಂಚೆಯಲ್ಲಿ ಮತಪತ್ರ ಬರುವ ಹೊತ್ತಿಗೆ. ಒಂದು ಅನಾಮಧೇಯ ದೂರು, ಬುಡದಲ್ಲಿ ತೂತು, ಮೇಲೆ ಸೋಲಾರ್ ಪ್ಯಾನಲ್. ಉಳಿದದ್ದನ್ನು ಸಬರ್ಬಿನ ಫೇಸ್‌ಬುಕ್ ಗುಂಪೇ ಮಾಡಿತು. ಅನಸೂಯಾ ನಾನಲ್ಲ ಎಂದಷ್ಟೇ ಹೇಳಿದಳು. ಆದರೆ ಇಲ್ಲಿಂದ ಮುಂದೆ ತ್ರಿವಿಕ್ರಮನಿಗೆ ಹಿಂದೆಗೆಯುವ ದಾರಿ ಉಳಿಯಲಿಲ್ಲ. ಪತ್ರಕರ್ತರು ಕೇಳಿದಾಗ ಮರ ಎಂದರೆ ಪ್ರಾಣ ಎನ್ನಬೇಕಾಯಿತು. ಮರಕ್ಕೆ ವಿಷವಿಟ್ಟವರಿಗೆ ಜೀವಮಾನದಲ್ಲಿ ಕಟ್ಟಡದ ಅನುಮತಿ ಕೊಡಬಾರದು ಎಂದು ಘೋಷಿಸಬೇಕಾಯಿತು. ಜನ ಚಪ್ಪಾಳೆ ತಟ್ಟಿದರು. ಅವರು ತಟ್ಟಿದಷ್ಟೂ ಅವನ ಹಿತ್ತಲಿನ ನೀಲಗಿರಿ ಇನ್ನಷ್ಟು ಭದ್ರವಾಯಿತು. ಅದನ್ನು ಕಡಿಸಲೆಂದು ಹೊರಟವನು ಈಗ ಅದಕ್ಕೆ ಕಾವಲುಗಾರ. ಕಿಟಕಿಯಿಂದ ಅದು ಕಂಡಾಗಲೆಲ್ಲ ಅವನು ಪರದೆ ಎಳೆಯುತ್ತಿದ್ದ. ಗೆದ್ದು ಕುರ್ಚಿಯಲ್ಲಿ ಕೂತರೆ ನಿಧಾನವಾಗಿ ನಿಯಮ ಸಡಿಲಿಸಬಹುದು ಎಂದು ಸಮಾಧಾನ ಹೇಳಿಕೊಂಡ.

ದೀಪಾವಳಿಯ ಸಂಜೆ ತ್ರಿವಿಕ್ರಮನ ಮನೆ ತುಂಬ ಕನ್ನಡದವರು. ಎಣಿಕೆಯಲ್ಲಿ ಅವನೇ ಮುಂದೆ ಎಂದು ಎಲ್ಲರಿಗೂ ತಿಳಿದಿತ್ತು. ಅನಸೂಯಾ ಕೂಡ ಬಂದಳು, ಸೊರಗಿದ್ದಳು, ಕೈಯಲ್ಲಿ ಸಿಹಿಯ ಡಬ್ಬಿ. ಒಳ್ಳೇದಾಗಲಿ ಎಂದು ಹರಸಿ ಸೋಫಾದ ತುದಿಯಲ್ಲಿ ಕೂತಳು. ಅವನಿಗೆ ಒಂದು ಗಳಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ಸಿಡ್ನಿಯಲ್ಲಿದ್ದುದರಿಂದ ಗಂಡನ ಭಾಷಣ ತಪ್ಪಿಸಿಕೊಂಡಿದ್ದ ಅಮೂಲ್ಯಾ, ಎಲ್ಲರೂ ಒಟ್ಟಿಗೆ ನೋಡೋಣ ಎಂದು ಆ ಸಭೆಯ ವಿಡಿಯೋವನ್ನು ಟಿವಿಗೆ ಹಾಕಿದಳು. ಕ್ರಾನ್‌ಬರ್ನ್‌ನಿಂದ ನೇರವಾಗಿ ಬಂದೆ ಎಂದು ಟಿವಿಯೊಳಗಿನ ತ್ರಿವಿಕ್ರಮ ಹೇಳಿದ.

"ರೀ, ಬಲಗಿವಿ ಮೇಲೆ ಕನಕಾಂಬರ ಇಟ್ಕೊಂಡಿದೀರಲ್ಲ, ಎಲ್ಲಿ ಸಿಕ್ತು?" ಎಂದಳು ಅಮೂಲ್ಯಾ, ಬೆರಗಿನಿಂದ. ಎಲ್ಲರೂ ಅನಸೂಯಾಳ ಕಡೆ ತಿರುಗಿದರು. ಈ ಚಳಿಯ ಊರಿನಲ್ಲಿ ಅವರಿಗೆಲ್ಲ ಗೊತ್ತಿದ್ದಂತೆ ಕನಕಾಂಬರ ಅರಳುತ್ತಿದ್ದುದು ಅವಳ ಹಿತ್ತಲಿನ ಗಾಜಿನ ಮನೆಯಲ್ಲಿ ಮಾತ್ರ. ಅಂದು ವೇದಿಕೆಯ ಮೇಲೆ ಅವನ ಎಡಕ್ಕೆ ಕೂತಿದ್ದ ಅನಸೂಯಾ, ಆ ಬಲಗಿವಿಯನ್ನು ಈಗಲೇ ಕಂಡಳು. "ಆ ಹೂವಿನ ಮಾಲೆ ನಾನು ಮರಕ್ಕೆ ಹಾಕಿದ್ದು ಅವತ್ತು ಸಭೆಗೆ ಹೊರಡೋವಾಗ ಕಣಪ್ಪ," ಎಂದಳು, ಮೆಲ್ಲಗೆ. ತ್ರಿವಿಕ್ರಮನಿಗೆ ಆಗ ನೆನಪಾಯಿತು. ಡ್ರಿಲ್ಲಿನ ಅದುರಾಟಕ್ಕೆ ಮೇಲಿನ ಮಾಲೆಯಿಂದ ಒಂದು ಹೂವು ಅವನ ತೋಳಿನ ಮೇಲೆ ಬಿದ್ದಿತ್ತು. ಪೂಜೆ ಎಂದರೆ ಗೇಲಿ ಮಾಡುತ್ತಿದ್ದವನು ಗ್ಲೌಸ್ ತೊಟ್ಟ ಕೈಯಲ್ಲೇ ಅದನ್ನೆತ್ತಿ, ಕಣ್ಣಿಗೊತ್ತಿಕೊಂಡು, ಕಿವಿಗೆ ಸಿಕ್ಕಿಸಿಕೊಂಡು, ಮತ್ತೆ ಕೊರೆಯತೊಡಗಿದ್ದ. ಅಷ್ಟೆಲ್ಲ ಯೋಚಿಸಿದವನು ಇದನ್ನು ಯೋಚಿಸಿರಲೇ ಇಲ್ಲ. ದೇವರ ಹೂವು ಮೈಮೇಲೆ ಬಿದ್ದರೆ ಏನು ಮಾಡಬೇಕೆಂಬುದು ಅವನ ಕೈಗೆ ಚಿಕ್ಕಂದಿನಿಂದ ಗೊತ್ತಿತ್ತು.