ಬೆಳ್ಗೊಡೆಯ ದಾರಿಗಾರ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಕಿವಿ ಕೇಳಿಸುತ್ತಿದ್ದ ಕಾಲದಲ್ಲಿ, ತೊರೆಗೋಟೆ ಎಂಬ ಒಂದು ರಾಜ್ಯವಿತ್ತು. ಅದರ ಮೂರು ದಿಕ್ಕಿಗೆ ಪ್ರಪಾತ, ನಾಲ್ಕನೆಯ ದಿಕ್ಕಿಗೆ ಬೆಳ್ಗೊಡೆ ಬೆಟ್ಟ. ಬೆಟ್ಟದ ನೆತ್ತಿಯ ಮೇಲೆ ಹನ್ನೆರಡು ತಿಂಗಳೂ ಹಿಮ ಬಿಳಿಯ ಕೊಡೆಯಂತೆ ಬಿಚ್ಚಿಕೊಂಡಿರುತ್ತಿತ್ತು. ಆ ರಾಜ್ಯದಲ್ಲಿ ಜವೆಗೋಧಿ ಬೆಳೆಯುತ್ತಿತ್ತು, ಕುರಿಯಿತ್ತು, ಉಣ್ಣೆಯಿತ್ತು. ಉಪ್ಪು ಮಾತ್ರ ಇರಲಿಲ್ಲ. ಉಪ್ಪು ಬೇಕೆಂದರೆ ಬೆಳ್ಗೊಡೆಯ ನೆತ್ತಿ ಹತ್ತಿ ಆಚೆ ಇಳಿಯಬೇಕು.

ಆ ನೆತ್ತಿಯ ಮೇಲೆ ಕೊರೆಮಲ್ಲನೆಂಬ ಮಾಂತ್ರಿಕ ಕೂತಿದ್ದ. ಅವನ ಮೈ ಹಿಮದ್ದು, ಉಸಿರು ಗಾಳಿಯದ್ದು. ಮೊದಲನೆಯ ಅರಸನಿಗೂ ಅವನಿಗೂ ಒಂದು ಒಪ್ಪಂದವಾಗಿತ್ತು. ಹಿಮ ಹೇಗಿದೆಯೆಂದು ನಿಜ ತಿಳಿದು ಹತ್ತಿದವರನ್ನು ಅವನು ಮುಟ್ಟಕೂಡದು. ಸುಳ್ಳನ್ನು ನಂಬಿ ಹತ್ತಿದವರು ಅವನ ಪಾಲು.

ಅದಕ್ಕಾಗಿಯೇ ಆ ರಾಜ್ಯದಲ್ಲಿ ದಾರಿಗಾರನೆಂಬ ಒಬ್ಬನಿದ್ದ. ಬೆಳಕು ಹರಿಯುವ ಮೊದಲೇ ಅವನು ಉದ್ದನೆಯ ಊರುಗೋಲು ಹಿಡಿದು ಬೆಟ್ಟ ಹತ್ತಬೇಕು. ಹೆಜ್ಜೆಗೊಮ್ಮೆ ಕೋಲು ಚುಚ್ಚಿ ನೋಡಬೇಕು. ಎಲ್ಲಿ ಹಿಮ ಗಟ್ಟಿ, ಎಲ್ಲಿ ಮೇಲೆ ಹಪ್ಪಳ ಕೆಳಗೆ ಪೊಳ್ಳು, ಎಲ್ಲಿ ಬಿರುಕು ಬಾಯಿ ಬಿಟ್ಟಿದೆ, ಎಲ್ಲಿ ನೆತ್ತಿಯ ಅಂಚು ಗಾಳಿಗೆ ಮುಂದಕ್ಕೆ ಚಾಚಿಕೊಂಡು ಬೀಳಲು ಕಾದಿದೆ, ಎಲ್ಲವನ್ನೂ ನೋಡಿ ಬಂದು ಕೋಟೆ ಬಾಗಿಲಲ್ಲಿ ನಿಂತು ಹೇಳಬೇಕು. ಈ ಹೊತ್ತು ಕೋಲು ಮುಟ್ಟಿದ್ದನ್ನು ಮಾತ್ರ ಹೇಳಬೇಕು. ನಿನ್ನೆಯದು ಬೇಡ, ಯಾರೋ ಹೇಳಿದ್ದು ಬೇಡ, ಊಹೆ ಬೇಡ. ಇದು ಕಟ್ಟಳೆ.

ಆ ವರ್ಷ ದಾರಿಗಾರನಾಗಿದ್ದವನು ಇಪ್ಪತ್ತೆರಡರ ಕೇತಯ್ಯ. ಕೆಲಸ ಬಲ್ಲವನು, ಕಾಲು ಗಟ್ಟಿಯಿದ್ದವನು. ಮಾಘದ ಒಂದು ಮುಂಜಾನೆ ಚಳಿ ಎಂಥದಿತ್ತೆಂದರೆ ಮನೆಯೊಳಗಿನ ನೀರಿನ ಕೊಡ ತಾನಾಗಿ ಬಿರಿಯಿತು. ಕೇತಯ್ಯ ಕಂಬಳಿಯಿಂದ ಒಂದು ಕಾಲು ಹೊರಗಿಟ್ಟ. ಒಳಗೆಳೆದುಕೊಂಡ. ನಿನ್ನೆಯಷ್ಟೇ ನೋಡಿದ್ದೇನಲ್ಲ, ಒಂದು ದಿನಕ್ಕೆ ಬೆಟ್ಟವೇನು ಬದಲಾಗುತ್ತದೆ ಅಂದುಕೊಂಡ. ಹೊತ್ತೇರಿದ ಮೇಲೆ ಎದ್ದು ಕೋಟೆ ಬಾಗಿಲಿಗೆ ಹೋಗಿ, "ಹಿಮ ಗಟ್ಟಿಯಿದೆ, ದಾರಿ ಸಲೀಸು" ಎಂದ.

ಆ ಮಾತು ಕೇಳಿ ಹನ್ನೊಂದು ಜನ ಉಪ್ಪಿಗೆ ಹೊರಟರು. ಹನ್ನೊಂದರಲ್ಲಿ ಒಬ್ಬಳು ಅವನ ಸ್ವಂತ ಅಕ್ಕ ದುಗ್ಗವ್ವ, ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಅವಳು ಬುತ್ತಿ ಕಟ್ಟಿಕೊಂಡು ಬಂದು ಸಾಲಿನಲ್ಲಿ ನಿಂತಾಗ ಅವನು ತಡೆಯಬಹುದಿತ್ತು. ತಡೆದರೆ, ಯಾಕೆ, ಏನಾಗಿದೆ ಎಂದು ಹತ್ತು ಜನ ಕೇಳುತ್ತಾರೆ. ಕೇತಯ್ಯ ಬಾಯಿ ಬಿಡಲಿಲ್ಲ.

ಹನ್ನೊಂದರಲ್ಲಿ ಒಬ್ಬರೂ ಹಿಂತಿರುಗಲಿಲ್ಲ.

ಮಾರನೆಯ ದಿನದಿಂದ ಹಿಮ ಕೆಳಗಿಳಿಯತೊಡಗಿತು. ಮೊದಲು ಕುರಿಹಟ್ಟಿಗಳು ಮುಚ್ಚಿದವು. ಆಮೇಲೆ ಜವೆಗೋಧಿಯ ಹೊಲಗಳು. ಆಮೇಲೆ ಬಾವಿ. ಮೇಲಿನಿಂದ ಗಾಳಿ ಬೀಸಿದಾಗಲೆಲ್ಲ ಯಾರೋ ಮನೆಯವರ ಹೆಸರು ಹಿಡಿದು ಕರೆದಂತೆ ಕೇಳುತ್ತಿತ್ತು. ಜನ ಕಿಟಕಿಗಳಿಗೆ ಚರ್ಮ ಬಡಿದು ಒಳಗೆ ಕೂತರು. ಎಂಟನೆಯ ದಿನ ಹಿಮ ಕೋಟೆ ಬಾಗಿಲಿಗೆ ಹತ್ತು ಮಾರಿನಷ್ಟು ಹತ್ತಿರ ಬಂದಿತ್ತು.

ರಾಣಿ ಹೊನ್ನಾಂಬಿಕೆ ಅಂಗಳದಲ್ಲಿ ಜನರನ್ನು ಸೇರಿಸಿ ಕೇಳಿದಳು: "ನೆತ್ತಿಗೆ ಹೋಗಿ ಹನ್ನೊಂದು ಜನರ ಸುದ್ದಿ ತರುವವರು ಯಾರಿದ್ದೀರಿ?"

ಯಾರೂ ತಲೆ ಎತ್ತಲಿಲ್ಲ. ಕೇತಯ್ಯ ಎದ್ದು ನಿಂತ.

"ಅಕ್ಕನಿಗಾಗಿ ಪ್ರಾಣ ಕೊಡೋಕೆ ಹೊರಟಿದ್ದಾನೆ ನೋಡು" ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಆ ಹೊಗಳಿಕೆ ಅವನಿಗೆ ಚಳಿಗಿಂತ ಹೆಚ್ಚು ಕೊರೆಯಿತು.

ಬಾಗಿಲಲ್ಲಿ ಹಂಪಜ್ಜ ಕೂತಿದ್ದ. ಅವನು ಹಳೆಯ ದಾರಿಗಾರ, ಕೇತಯ್ಯನಿಗೆ ಕೋಲು ಹಿಡಿಯಲು ಕಲಿಸಿದವನು. ಮಂಡಿ ಹೋಗಿ ನಾಲ್ಕು ವರ್ಷವಾಗಿತ್ತು, ಕಣ್ಣು ಹೋಗಿರಲಿಲ್ಲ.

"ಆವತ್ತು ಬೆಳಿಗ್ಗೆ ನಿನ್ನ ಕಾಲಿನ ಜೋಡು ಒಣಗಿತ್ತು ಕಣೋ ಕೇತು" ಎಂದ ಅಜ್ಜ, ಮೆಲ್ಲಗೆ.

ಕೇತಯ್ಯ ಅಜ್ಜನ ಪಕ್ಕ ಕುಕ್ಕರಿಸಿದ. "ಆವತ್ತೇ ಯಾಕಜ್ಜ ಹೇಳಲಿಲ್ಲ?"

"ಎಲ್ಲರೂ ಹೊರಟುಹೋದ ಮೇಲೆ ಕಂಡೆ. ಕಂಡ ಮೇಲೂ, ಹೇಳಬೇಕಾದವನು ನೀನು ಅಂತ ಕಾದೆ. ಎಂಟು ದಿನ ಕಾದೆ." ಅಜ್ಜ ಗದ್ದದಿಂದಲೇ ಹಿಮದ ಕಡೆ ತೋರಿಸಿದ. "ನಿನ್ನ ಮಾತು ತಿಂದು ಆ ಕೊರೆಮಲ್ಲ ದಪ್ಪವಾಗ್ತಿದ್ದಾನೆ. ಆಡಿದ ಬಾಯೇ ಅದನ್ನ ವಾಪಸ್ ತಗೋಬೇಕು. ನಂಬಿ ಹೋದವರ ಕಿವಿಗೆ ಬೀಳೋ ಹಾಗೆ."

"ಅಕ್ಕನ ಎದುರಿಗಾ? ಬೇರೆ ದಾರಿ ಇಲ್ಲವಾ ಅಜ್ಜ?"

"ಇದ್ದರೆ ನೀನೇ ನೋಡಿ ಬಂದು ಹೇಳು. ದಾರಿ ಹೇಳೋನು ನೀನು ತಾನೆ?"

ಕೇತಯ್ಯ ಹಗ್ಗ ಹೆಗಲಿಗೇರಿಸಿ, ಕೋಲು ಹಿಡಿದು ಹೊರಟ. ಹೇಗಾದರೂ ಅಕ್ಕನನ್ನು ಬಿಡಿಸಿಕೊಂಡು ಬರಬೇಕು, ಆ ಮಾತನ್ನು ಮಾತ್ರ ಆಡಬಾರದು ಎಂಬ ಲೆಕ್ಕ ಅವನ ಮನಸ್ಸಿನಲ್ಲಿತ್ತು.

ಹತ್ತಿದ, ಹತ್ತಿದ, ಮೊದಲನೆಯ ಇಳುಕಲಿಗೆ ಬಂದ. ಬಟ್ಟಲು ತೊಳೆದಿಟ್ಟಂತೆ ನುಣ್ಣಗಿದ್ದ ಹಿಮ. ಒಂದು ಗುರುತಿಲ್ಲ, ಒಂದು ಗೀರಿಲ್ಲ. ನಟ್ಟನಡುವೆ ಒಂದು ಬಿಳಿ ನರಿ ಕೂತು ಬಾಲದಿಂದ ಉಳಿದಿದ್ದ ಕೊನೆಯ ಹೆಜ್ಜೆ ಗುರುತನ್ನು ಸಾವಕಾಶವಾಗಿ ಗುಡಿಸುತ್ತಿತ್ತು.

"ದಾರಿಗಾರ, ದಾರಿಗಾರ, ಹಿಮ ಹೇಗಿದೆ?" ಎಂದು ನರಿ ಕೇಳಿತು.

"ನೋಡಿ ಹೇಳುತ್ತೇನೆ."

"ನೋಡೋದೇನು? ಗಟ್ಟಿಯಿದೆ ಅಂತ ಊರಿಗೆಲ್ಲ ಸಾರಿದವನು ನೀನೇ ಅಲ್ಲವಾ? ಹನ್ನೊಂದು ಜನ ನಂಬಿದರು. ನೀನೊಬ್ಬನೇ ನಂಬಲ್ವಾ?" ನರಿ ನಕ್ಕಿತು. ಅದರ ಬಾಯೊಳಗೆ ನಾಲಿಗೆಯೂ ಬಿಳಿಯಾಗಿತ್ತು.

ಕೇತಯ್ಯ ಬಂಡೆಯನ್ನು ಒಂದು ಕೈಯಲ್ಲಿ ತಬ್ಬಿ, ಇನ್ನೊಂದು ಕೈಯಿಂದ ಕೋಲು ಚುಚ್ಚಿದ. ಗೇಣುದ್ದ ಗಟ್ಟಿ ಸಿಕ್ಕಿತು. ಆಮೇಲೆ ಕೋಲು ಸರ್ರನೆ ಹಿಡಿಯವರೆಗೂ ಒಳಗೆ ಹೋಯಿತು. ತಳ ಸಿಗಲಿಲ್ಲ. ಎಳೆದಾಗ ತುದಿಗೆ ಕೆಂಪು ಉಣ್ಣೆಯ ಎಳೆಯೊಂದು ಸುತ್ತಿಕೊಂಡು ಬಂತು. ಅದು ಅಕ್ಕನ ಶಾಲಿನದು.

"ಮೇಲೆ ಗೇಣು ಹಪ್ಪಳ, ಕೆಳಗೆ ಪೊಳ್ಳು. ಕಾಲಿಟ್ಟರೆ ಇಡೀ ಇಳುಕಲು ಜಾರುತ್ತದೆ" ಎಂದ.

ಅವನ ಮಾತು ಮುಗಿಯುವುದಕ್ಕೂ ಹಿಮದಲ್ಲಿ ಉದ್ದಕ್ಕೆ ಒಂದು ಗೆರೆ ಮೂಡುವುದಕ್ಕೂ ಸರಿಯಾಯಿತು. ಇಡೀ ಇಳುಕಲು ನರಿಯನ್ನು ಹೊತ್ತುಕೊಂಡು ಗುಡುಗುತ್ತಾ ಕಣಿವೆಗೆ ಇಳಿಯಿತು. ಸದ್ದು ಅಡಗಿದ ಮೇಲೆ ಕೇತಯ್ಯ ಬರಿಬಂಡೆಗಳನ್ನು ಹಿಡಿದು ಮುಂದೆ ಹತ್ತಿದ.

ಹತ್ತಿದ, ಹತ್ತಿದ, ನೀಲಿ ಬಿರುಕಿಗೆ ಬಂದ. ಬಿರುಕಿನ ಅಗಲ ಐದು ಮಾರು. ಆಳ ನೋಡಿದರೆ ತಿಳಿನೀಲಿ, ಕಡುನೀಲಿ, ಆಮೇಲೆ ಕಪ್ಪು. ಈ ದಡದಿಂದ ಆ ದಡಕ್ಕೆ ಹಿಮದ ಸೇತುವೆ ಮಲಗಿತ್ತು. ಅಗಲವಾದ, ದುಂಡಗಿನ, ನಂಬಿಕೆ ಹುಟ್ಟಿಸುವಂಥ ಸೇತುವೆ. ಕೇತಯ್ಯನ ಕಾಲು ಸೋತಿತ್ತು. ಬಿಸಿಲು ಮೇಲಿತ್ತು. ಇದೊಂದು ಸೇತುವೆಯಾದರೂ ನಿಜವಾಗಿರಲಿ ದೇವರೇ ಅಂದುಕೊಂಡ.

ಒಂದು ಕಾಲು ಎತ್ತಿದವನು ಹಾಗೇ ನಿಂತ. ಸೇತುವೆ ಕೂದಲೆಳೆಯಷ್ಟು ಮೇಲೆದ್ದು, ಕೂದಲೆಳೆಯಷ್ಟು ಕೆಳಗಿಳಿಯಿತು. ಮತ್ತೆ ಮೇಲೆದ್ದಿತು. ಮತ್ತೆ ಇಳಿಯಿತು.

ಕಾಲಡಿಯಿಂದಲೇ ಎಂಬಂತೆ ಒಂದು ದನಿ ಬಂತು: "ದಾರಿಗಾರ, ದಾರಿಗಾರ, ಹಿಮ ಹೇಗಿದೆ?"

ಕೇತಯ್ಯ ಮಂಡಿಯೂರಿ ಅಂಗೈಯಿಂದ ಹಿಮ ಸರಿಸಿದ. ಕೆಳಗೆ ಒದ್ದೆ ಕೂದಲು ಸಿಕ್ಕಿತು. ಕೂದಲ ಕೆಳಗೆ ಬಿಸಿ. ಬಿಸಿಯ ಕೆಳಗೆ ಧಗ್, ಧಗ್ ಎಂದು ಹೊಡೆದುಕೊಳ್ಳುವ ಎದೆ. ನಿಜ ಹೇಳಿದರೆ ಇದು ಏಳುತ್ತದೆ, ಹೇಳದಿದ್ದರೆ ನಾನು ಇದರ ಮೇಲೆ ನಡೆಯಬೇಕು ಎಂದು ಅವನಿಗೆ ಹೊಳೆಯಿತು. ಎರಡು ಸಲ ಬಾಯಿ ತೆರೆದ, ಗಾಳಿ ಬಂತೇ ಹೊರತು ಮಾತು ಬರಲಿಲ್ಲ.

ಮೂರನೆಯ ಸಲ ಹೇಳಿದ: "ಇದು ಹಿಮವಲ್ಲ. ಕರಡಿಯ ಬೆನ್ನು."

ಸೇತುವೆ ಎದ್ದು ನಿಂತಿತು. ಮನೆಯಷ್ಟು ದೊಡ್ಡ ಬಿಳಿ ಕರಡಿ ತಲೆ ತಿರುಗಿಸಿ ಅವನ ಮುಖಕ್ಕೆ ಮುಖ ತಂದು ಮೂಸಿ ನೋಡಿತು. ಕೇತಯ್ಯ ಕಣ್ಣು ಮುಚ್ಚಿಕೊಂಡ. "ನೀನು ಮುಟ್ಟಿ ನೋಡಿ ಹೇಳಿದೆ. ನಿನ್ನನ್ನು ನಾನು ಮುಟ್ಟುವ ಹಾಗಿಲ್ಲ" ಎಂದು ಗೊಣಗಿ ಕರಡಿ ಬಿರುಕಿನ ಅಂಚು ಹಿಡಿದು ನಡೆದುಹೋಯಿತು. ಸೇತುವೆ ಇಲ್ಲವಾಯಿತು. ಅವನು ಹಗ್ಗ ಕಟ್ಟಿ ಕಪ್ಪಿನೊಳಗೆ ಇಳಿದು, ಕೋಲಿನ ಮೊನೆಯಿಂದ ಮೆಟ್ಟಿಲು ಕಡಿಯುತ್ತಾ ಆ ಕಡೆಯಿಂದ ಮೇಲೆ ಬಂದ. ಉಗುರುಗಳಲ್ಲಿ ರಕ್ತ ಬಂದಿತ್ತು, ಬಂದ ರಕ್ತ ಹೆಪ್ಪುಗಟ್ಟಿತ್ತು.

ಹತ್ತಿದ, ಹತ್ತಿದ, ನೆತ್ತಿಗೆ ಬಂದ.

ನೆತ್ತಿಯ ಮೇಲೆ ಹನ್ನೊಂದು ಗಾಜಿನಂಥ ಕಂಬಗಳು ಸಾಲಾಗಿ ನಿಂತಿದ್ದವು. ಒಂದೊಂದರೊಳಗೂ ಒಬ್ಬೊಬ್ಬರು. ಮೈ ಅಲ್ಲಾಡುತ್ತಿರಲಿಲ್ಲ, ಕಣ್ಣುಗಳು ಮಾತ್ರ ಅಲ್ಲಾಡುತ್ತಿದ್ದವು. ಇಪ್ಪತ್ತೆರಡು ಕಣ್ಣುಗಳು ಕೇತಯ್ಯನ ಕಡೆ ತಿರುಗಿದವು. ಅವುಗಳ ಹಿಂದೆ, ಗಾಳಿಗೆ ಚಾಚಿಕೊಂಡ ಹಿಮದ ಅಂಚಿನ ಮೇಲೆ ಕೊರೆಮಲ್ಲ ಕೂತಿದ್ದ. ಅವನ ಸೊಂಟದ ಕೆಳಗಿನದೆಲ್ಲ ಊರಿನತ್ತ ಇಳಿದುಹೋದ ಹಿಮವೇ ಆಗಿತ್ತು.

"ಬಾ ತಮ್ಮ, ದಣಿದಿದ್ದೀಯ" ಎಂದ ಮಾಂತ್ರಿಕ. ಬೀಗರನ್ನು ಉಪಚರಿಸುವವನ ದನಿ ಅದು. "ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಇಷ್ಟು ವರ್ಷದಲ್ಲಿ ನನಗೆ ಇಷ್ಟೊಂದು ಕೊಟ್ಟವನು ನೀನೊಬ್ಬನೇ. ಒಂದು ಪ್ರಶ್ನೆಗೆ ಉತ್ತರ ಹೇಳು. ಆ ದಿನ ಬೆಳಿಗ್ಗೆ ನೀನು ಕಂಡ ಹಿಮ ಹೇಗಿತ್ತು?"

ಕೇತಯ್ಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸುಲಭವಾಗಿದೆ" ಎಂದು ಕೊರೆಮಲ್ಲ ಬಗ್ಗಿ ಪಿಸುಗುಟ್ಟಿದ. "ನೋಡಿದಾಗ ಗಟ್ಟಿಯಿತ್ತು, ಆಮೇಲೆ ಸಡಿಲವಾಯಿತು ಅನ್ನು. ಹಿಮ ಬದಲಾಗುತ್ತೆ, ಯಾರಿಗೆ ಗೊತ್ತಿಲ್ಲ? ಹಾಗಂದರೆ ನಿನ್ನಕ್ಕನನ್ನು ಈಗಲೇ ಕರೆದುಕೊಂಡು ಹೋಗು. ಉಳಿದ ಹತ್ತು ಜನ ನನಗೆ ಸಾಕು. ಊರಲ್ಲಿ ನಿನಗೆ ಹಾರ ಹಾಕ್ತಾರೆ."

ಅವನು ದುಗ್ಗವ್ವನ ಕಂಬಕ್ಕೆ ಬೆರಳು ತಾಗಿಸಿದ. ಅವಳ ತುಟಿಯವರೆಗಿನ ಮಂಜುಗಡ್ಡೆ ಕರಗಿತು.

"ಕೇತು, ಬಂದೆಯಾ" ಎಂದಳು ಅಕ್ಕ. ದನಿ ಎಲ್ಲೋ ದೂರದಿಂದ ಬಂದಂತಿತ್ತು. "ನೀನು ಬರ್ತೀಯ ಅಂತ ನಂಗೆ ಗೊತ್ತಿತ್ತು. ಇವರೆಲ್ಲ ಒಳಗೊಳಗೇ ನಿನ್ನ ಬೈತಿದ್ದಾರೆ ಅನ್ಸುತ್ತೆ ಕಣೋ. ನಾನು ಮಾತ್ರ ಒಪ್ಪಲ್ಲ. ನೀನು ಸರಿಯಾಗೇ ನೋಡಿದ್ದೆ. ನಾವು ಹತ್ತೋ ಹೊತ್ತಿಗೆ ಬಿಸಿಲಿಗೆ ಸಡಿಲಾಗಿರಬೇಕು. ಅಲ್ವಾ? ಹೌದು ಅನ್ನು."

ಸುಳ್ಳನ್ನು ಅಕ್ಕನೇ ಹೊಲಿದು, ಮಡಿಸಿ, ಕೈಗೆ ಕೊಡುತ್ತಿದ್ದಳು. ಹೌದು ಎಂಬ ಎರಡಕ್ಷರ ಅವನ ಗಂಟಲಿಗೆ ಬಂದು ನಿಂತಿತು. ನರಿಯ ಎದುರು ಇಷ್ಟು ಭಯವಾಗಿರಲಿಲ್ಲ, ಕರಡಿಯ ಎದುರೂ ಆಗಿರಲಿಲ್ಲ. ಆ ಭಯದಲ್ಲಿ ಸತ್ತರೆ ಮುಗಿಯುತ್ತಿತ್ತು. ಇಲ್ಲಿ ನಿಜ ಹೇಳಿದರೆ ಬದುಕಿರುವಷ್ಟು ದಿನವೂ ಅಕ್ಕ ಇದೇ ಕಣ್ಣಿನಿಂದ ತನ್ನನ್ನು ನೋಡಲಾರಳು. ಉಳಿದ ಹತ್ತು ಜೊತೆ ಕಣ್ಣುಗಳನ್ನೂ ಅವನು ನೋಡಿದ. ಒಂದೂ ರೆಪ್ಪೆ ಮಿಟುಕಿಸಲಿಲ್ಲ.

"ಇಲ್ಲ ಅಕ್ಕ" ಎಂದ. ಆಮೇಲೆ ಹನ್ನೊಂದು ಜನರಿಗೂ ಕೇಳುವಂತೆ, ಕೋಟೆ ಬಾಗಿಲಲ್ಲಿ ಹೇಳುವ ದನಿಯಲ್ಲೇ ಹೇಳಿದ: "ಆ ದಿನ ಹಿಮ ಹೇಗಿತ್ತೋ ನನಗೆ ಗೊತ್ತಿಲ್ಲ. ನಾನು ಬೆಟ್ಟಕ್ಕೆ ಹೋಗಿರಲಿಲ್ಲ. ಚಳಿ ಅಂತ ಮಲಗಿದ್ದೆ. ನಿನ್ನೆಯದನ್ನು ಇಂದಿನದು ಅಂತ ಹೇಳಿದೆ. ನೀವು ನಂಬಿದಿರಿ. ಆ ಮಾತು ಸುಳ್ಳು."

ನೆತ್ತಿಯ ಮೇಲೆ ಗಾಳಿ ನಿಂತಿತು.

"ಮೂರ್ಖ" ಎಂದ ಕೊರೆಮಲ್ಲ. ಅಷ್ಟು ಹೇಳುವಷ್ಟರಲ್ಲಿ ಅವನ ದವಡೆ ಕಳಚಿ ಬಿತ್ತು. ಯಾವ ಮಾತಿನ ಮೇಲೆ ಅವನ ಮೈ ನಿಂತಿತ್ತೋ ಆ ಮಾತೇ ಈಗ ಇರಲಿಲ್ಲ. ಭುಜ ಬಿತ್ತು, ಎದೆ ಬಿತ್ತು, ಅವನು ಕೂತಿದ್ದ ಹಿಮದ ಅಂಚು ಬುಡದಿಂದಲೇ ಮುರಿದು, ಆಚೆಯ ಪ್ರಪಾತಕ್ಕೆ ಅವನನ್ನು ಹೊತ್ತುಕೊಂಡು ಹೋಯಿತು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಒಂದು ಸಣ್ಣ ಸದ್ದು ಬಂತು. ಹನ್ನೊಂದು ಕಂಬಗಳೂ ಒಟ್ಟಿಗೇ ಬಿರಿದವು.

ಮೊದಲು ಮಾತಾಡಿದವನು ಉಪ್ಪಿನ ವ್ಯಾಪಾರಿ ಬಾಚಿಸೆಟ್ಟಿ. ಕೈಕಾಲು ಉಜ್ಜಿಕೊಳ್ಳುತ್ತಾ, "ಇವತ್ತು ಹೋಗಬೇಡಿ ಅಂತ ಹೆಂಡತಿ ಬಡ್ಕೊಂಡಿದ್ಲು. ಇನ್ನು ಸಾಯೋವರೆಗೂ ಅವಳ ಮಾತೇ ಕೇಳಬೇಕಲ್ಲ" ಎಂದ. ಯಾರೂ ನಗಲಿಲ್ಲ.

ದುಗ್ಗವ್ವ ಸೀದಾ ತಮ್ಮನ ಹತ್ತಿರ ಬಂದು ಕಪಾಳಕ್ಕೆ ಒಂದು ಬಾರಿಸಿದಳು. ಆಮೇಲೆ ಅವನ ರಕ್ತ ಹೆಪ್ಪುಗಟ್ಟಿದ ಕೈಗಳನ್ನು ಎಳೆದು ತನ್ನ ಕಂಕುಳಲ್ಲಿ ಇಟ್ಟುಕೊಂಡು ಬಿಸಿ ಮಾಡಿದಳು. ಬೆರಳುಗಳಿಗೆ ಜೀವ ಬಂದ ಮೇಲೆ ಕೈ ಬಿಟ್ಟು, "ಮುಂದೆ ನಡಿ. ಚುಚ್ಚಿ ನೋಡಿ ನಡಿ" ಎಂದಳು.

ಮಾಂತ್ರಿಕ ಹೋದರೂ ಬೆಟ್ಟ ಬೆಟ್ಟವಾಗಿಯೇ ಇತ್ತು. ಹಿಮ ಜಾರುತ್ತಿತ್ತು, ಬಿರುಕುಗಳು ಬಾಯಿ ತೆರೆದೇ ಇದ್ದವು. ಹನ್ನೆರಡು ಜನ ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ಕೇತಯ್ಯನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಇಳಿದರು. ಪ್ರತಿ ಹೆಜ್ಜೆಗೂ ಅವನು ಹಿಮ ಹೇಗಿದೆಯೆಂದು ಹೇಳಿದ, ಹಿಂದಿನವರು ಒಬ್ಬರಿಂದೊಬ್ಬರಿಗೆ ಆ ಮಾತನ್ನು ದಾಟಿಸಿದರು. ಇಳಿದು ಮುಗಿಯುವಷ್ಟರಲ್ಲಿ ಅವನ ಗಂಟಲು ಕಟ್ಟಿಹೋಗಿತ್ತು.

ಆ ಕಟ್ಟಿದ ಗಂಟಲಲ್ಲೇ ಅವನು ರಾಣಿಯ ಎದುರು, ಇಡೀ ಊರಿನ ಎದುರು, ಮತ್ತೊಮ್ಮೆ ಎಲ್ಲವನ್ನೂ ಹೇಳಿದ. ಕಣ್ಣೊರೆಸಿಕೊಂಡಿದ್ದ ಹೆಂಗಸರು ಮುಖ ತಿರುಗಿಸಿದರು.

ರಾಣಿ ಎದ್ದು ನಿಂತಳು. "ತಪ್ಪು ನಿನ್ನದು. ನ್ಯಾಯ ಹೇಳುವವರು ಹಿಮದೊಳಗೆ ನಿಂತಿದ್ದವರು" ಎಂದು ಹನ್ನೊಂದು ಜನರ ಕಡೆ ನೋಡಿದಳು.

"ಅವನ ಕೈಯಿಂದ ಕೋಲು ಕಿತ್ಕೊಳ್ಳಿ ತಾಯಿ" ಎಂದ ಬಾಚಿಸೆಟ್ಟಿ.

"ಕಿತ್ಕೊಂಡು ಯಾರಿಗೆ ಕೊಡ್ತೀರಿ ಸೆಟ್ಟರೆ?" ಎಂದು ದುಗ್ಗವ್ವ ಕೇಳಿದಳು. "ಇನ್ನೊಬ್ಬನಿಗೆ. ಅವನಿಗೆ ಚಳಿ ಆಗಲ್ವಾ? ಒಬ್ಬನೇ ಇದ್ದರೆ ಯಾವನಾದರೂ ಒಂದು ದಿನ ಕಂಬಳಿ ಎಳ್ಕೊಳ್ತಾನೆ. ಇಬ್ಬರು ಹೋಗಲಿ. ಒಬ್ಬರು ಕಂಡದ್ದನ್ನ ಇನ್ನೊಬ್ಬರು ಕಂಡಿರಬೇಕು, ಇಬ್ಬರೂ ಒಟ್ಟಿಗೆ ನಿಂತು ಹೇಳಬೇಕು. ಇವನು ದಾರಿಗಾರ ಅಂತ ಕರೆಸಿಕೊಳ್ಳೋದು ಬೇಡ. ಕೋಲು ನನಗೆ ಕೊಡಿ. ಇವನು ನನ್ನ ಹಿಂದೆ ಹಗ್ಗ ಹೊತ್ಕೊಂಡು ಬರಲಿ, ನಾನು ಸಾಕು ಅನ್ನೋವರೆಗೂ."

ಹಂಪಜ್ಜ ತನ್ನ ಜಾಗದಿಂದಲೇ ಹೌದೆಂದು ತಲೆಯಾಡಿಸಿದ. ರಾಣಿ ಅದನ್ನೇ ಕಟ್ಟಳೆ ಮಾಡಿದಳು.

ಮಾರನೆಯ ಬೆಳಿಗ್ಗೆಯಿಂದ ತೊರೆಗೋಟೆಯ ಬಾಗಿಲಲ್ಲಿ ಇಬ್ಬರ ದನಿ ಕೇಳತೊಡಗಿತು. ಊರಿನತ್ತ ಇಳಿದಿದ್ದ ಕೊರೆಮಲ್ಲನ ಅರ್ಧ ಮೈ ಚೈತ್ರದ ಬಿಸಿಲಿಗೆ ಕರಗಿ ತೊರೆಯಾಗಿ ಹರಿಯಿತು. ಆ ನೀರು ಹಾಯಿಸಿ ಜನ ಜವೆಗೋಧಿ ಬೆಳೆದರು. ಬೆಳೆ ಆಳೆತ್ತರ ಬಂತು. ಬೆಳ್ಗೊಡೆ ಹತ್ತಿದವರೆಲ್ಲ ಉಪ್ಪು ಹೊತ್ತು ಮನೆಗೆ ಬಂದರು, ಹೆಂಡತಿ ಮಕ್ಕಳೊಡನೆ ಉಂಡರು, ಕೈತುಂಬ ಗಳಿಸಿದರು, ಮುಪ್ಪಾಗುವವರೆಗೂ ಬಾಳಿದರು. ಹಗ್ಗ ಹೊತ್ತವನನ್ನು ದುಗ್ಗವ್ವ ಹನ್ನೊಂದು ಚಳಿಗಾಲ ಹಿಮದ ಮಾತು ಬಿಟ್ಟರೆ ಬೇರೆ ಮಾತಿಲ್ಲದೆ ಹಿಂದೆ ನಡೆಸಿದಳು. ಹನ್ನೆರಡನೆಯದರಲ್ಲಿ, ಒಂದು ಬಿರುಕಿನ ಅಂಚಿಗೆ ನಿಂತು, ಕೋಲನ್ನು ಅವನ ಕೈಗಿಟ್ಟು, "ನೀನೇ ನೋಡು ಕೇತು, ನಾನು ನಂಬ್ತೀನಿ" ಎಂದಳು.