ವಕೀಲರ ಹೆಸರಲ್ಲೊಂದು ಮೆಚ್ಚುಗೆ

ಮಾರ್ಚ್ ಹನ್ನೊಂದು, ಬೆಳಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ವಕೀಲರು ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಫೋನಿಟ್ಟು ಕೆಂಡಕಾರಿದರು.

"ಇಪ್ಪತ್ತು ವರ್ಷದ ವಕೀಲಿಕೇಲಿ ಒಂದು ಹನಿ ಕಣ್ಣೀರು ಹಾಕಿದವನಲ್ಲ ನಾನು. ಯಾವುದೋ ಕತೆ ಓದಿ ಬಿಕ್ಕಿಬಿಕ್ಕಿ ಅತ್ತೆ ಅಂತ ನನ್ನ ಹೆಸರಲ್ಲಿ ಯಾರೋ ಬರೆದಿದ್ದಾರೆ!"

ಅದು ಹವ್ಯಾಸಿಗಳು ಸಣ್ಣಕತೆ ಹಾಕುವ ಜಾಲತಾಣ. ಕತೆಗಾರ್ತಿ ಕೃತಜ್ಞತೆ ಹೇಳಿ ಬರೆದ ಉತ್ತರ ವಕೀಲರ ಇಮೇಲ್‌ಗೆ ಬಂದು ಗುಟ್ಟು ರಟ್ಟಾಗಿತ್ತು. ಎಫ್‌ಐಆರ್ ದಾಖಲಾಯಿತು.

ಹದಿಮೂರರಂದು ಜಾಲತಾಣದವರು ಪಟ್ಟಿ ಕಳಿಸಿದರು. ಆ ಕತೆಗಾರ್ತಿಯ ಹತ್ತೊಂಬತ್ತು ಕತೆಗಳಿಗೆ ಇಪ್ಪತ್ತಮೂರು ಮೆಚ್ಚುಗೆ, ಇಪ್ಪತ್ತಮೂರು ಹೆಸರಲ್ಲಿ. ಮಹಿಳಾ ಪೇದೆ ಅಷ್ಟೂ ಜನರನ್ನು ವಿಚಾರಿಸಿದಳು. ಒಬ್ಬರೂ ಕತೆ ಓದಿರಲಿಲ್ಲ, ಬಂದ ಕೃತಜ್ಞತೆಯ ಇಮೇಲನ್ನೂ ತೆರೆದಿರಲಿಲ್ಲ. ಆದರೆ ಮೆಚ್ಚುಗೆ ಬಿದ್ದ ಆಯಾ ದಿನ ಎಲ್ಲರ ಫೋನೂ ಒಂದೇ ಅಂಗಡಿಗೆ ರಿಪೇರಿಗೆ ಹೋಗಿತ್ತು.

ಇನ್‌ಸ್ಪೆಕ್ಟರ್ ಸಾಕ್ಷ್ಯವೆಂದು ಕತೆಗಳನ್ನು ಓದಲು ಕೂತರು. ಕೇಸಿನ ಫೈಲು ಬಿಟ್ಟು ಬೇರೇನೂ ಓದಿ ಗೊತ್ತಿಲ್ಲದ ಆಸಾಮಿ ಆರನೆಯ ಕತೆಯ ಹೊತ್ತಿಗೆ ಊಟವನ್ನೇ ಮರೆತರು.

"ಇದೂ ತನಿಖೆನಾ ಸರ್?" ಎಂದು ಪೇದೆ ಕಾಲೆಳೆದಳು.

ಹದಿನಾಲ್ಕು, ಮಧ್ಯಾಹ್ನ ಮೂರಕ್ಕೆ ಅಂಗಡಿಯಲ್ಲಿ ಪಂಚನಾಮೆ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಭೂತಗನ್ನಡಿ, ಸ್ಕ್ರೂಗಳ ಡಬ್ಬಿ, ಒಡೆದ ಗಾಜಿನ ರಾಶಿ. ರಿಪೇರಿಯವನು ಏನನ್ನೂ ಮುಚ್ಚಿಡಲಿಲ್ಲ.

"ಲಾಕ್ ಹೇಗೆ ತೆಗೆದೆ?"

"ಗಿರಾಕಿಗಳೇ ನಂಬರ್ ಕೊಟ್ಟಿರ್ತಾರೆ ಸರ್. ಹೊಸ ಗಾಜು ಹಾಕಿದ್ಮೇಲೆ ಏನಾದ್ರೂ ಟೈಪ್ ಮಾಡಿ ನೋಡ್ಲೇಬೇಕು. ನಾನು ಈ ಮೆಚ್ಚುಗೇನೇ ಟೈಪ್ ಮಾಡ್ತಿದ್ದೆ."

"ಬೇರೇನು ಮುಟ್ಟಿದೆ?"

"ಆಣೆ ಸರ್, ಒಂದು ಫೋಟೋನೂ ನೋಡಿಲ್ಲ."

"ಕತೆ ಬರೆದೋರು ನಿಂಗೇನಾಗ್ಬೇಕು?"

"ನಮ್ಮಕ್ಕ. ನನ್ನನ್ನ ಸಾಕಿದ್ದೇ ಅವಳು. ಯಾರೂ ಓದಲ್ಲ, ಇನ್ನು ಬರೆಯಲ್ಲ ಅಂದ್ಳು. ನಾನು ಓದ್ತೀನಲ್ಲಕ್ಕಾ ಅಂದೆ. ನೀನು ತಮ್ಮ, ನೀನು ಲೆಕ್ಕಕ್ಕಿಲ್ಲ ಅಂದ್ಬಿಟ್ಳು." ಅವನು ಕೈ ಮುಗಿದ. "ಒಳಗೆ ಹಾಕಿ ಸರ್. ಅವಳಿಗೆ ಮಾತ್ರ ಹೇಳ್ಬೇಡಿ."

ಬಂಧಿಸಿದರೆ ಮನೆಯವರಿಗೆ ತಿಳಿಸಲೇಬೇಕು, ಅದು ನಿಯಮ. ಇನ್‌ಸ್ಪೆಕ್ಟರಿಗೆ ಮನಸ್ಸಿರಲಿಲ್ಲ. ಆದರೂ ನಾಲ್ಕೂವರೆಗೆ ಬಂಧಿಸಿ, ಅಕ್ಕನಿಗೆ ಫೋನ್ ಮಾಡಿಸಿದರು.

ಔಷಧಿ ಅಂಗಡಿಯ ಬಿಳಿ ಕೋಟಿನಲ್ಲೇ ಅಕ್ಕ ಓಡಿಬಂದಳು. ಜಾಮೀನು ಸಿಗುವ ಅಪರಾಧವಾದ್ದರಿಂದ ಅವಳ ರುಜು ಸಾಕಾಗಿತ್ತು. ರುಜು ಹಾಕಿದ ಮೇಲೂ ಪೆನ್ನು ಕೆಳಗಿಡಲಿಲ್ಲ.

"ಇಪ್ಪತ್ತಮೂರೂ ಇವನೇನಾ?"

"ಹೌದಮ್ಮ."

"ಹಾಗಾದ್ರೆ ಒಬ್ರೂ ಓದಿಲ್ಲ. ಸದ್ಯ, ಈಗ್ಲಾದ್ರೂ ಗೊತ್ತಾಯ್ತು. ಇವತ್ತಿಗೆ ಮುಗೀತು."

ಇನ್‌ಸ್ಪೆಕ್ಟರ್ ಫೈಲಿನಿಂದ ಕತೆಯ ಹಾಳೆಗಳನ್ನು ತೆಗೆದರು.

"ಒಂಬತ್ತನೇ ಕತೇಲಿ ಆ ನರ್ಸು ರಾಜೀನಾಮೆ ಬರೆದು ಜೇಬಲ್ಲಿಟ್ಕೊಂಡು ಓಡಾಡ್ತಾಳಲ್ಲ, ಕೊನೇಲಿ ಅದನ್ನ ಯಾಕೆ ಹರಿದುಬಿಟ್ಳು? ನಂಗೆ ಸಿಟ್ಟು ಬಂತು."

ಅಕ್ಕ ತಟ್ಟನೆ ಅವರತ್ತ ತಿರುಗಿದಳು. "ಅವಳ ಮನೆ ನಡೀಬೇಕಲ್ಲ ಸರ್?"

"ಐದು ಪುಟ ಧೈರ್ಯ ತುಂಬಿ ಆರನೇದ್ರಲ್ಲಿ ಕೈಬಿಟ್ರೆ ಹೇಗಮ್ಮ?"

"ನಂಗೂ ಹಾಗೇ ಅನ್ನಿಸ್ತು ಅಕ್ಕ," ಎಂದ ತಮ್ಮ ಮೆಲ್ಲಗೆ. "ನಿಂಗೆ ಬೇಜಾರಾಗುತ್ತೆ ಅಂತ ಬರೀಲಿಲ್ಲ."

"ಹೇಳೋದಲ್ವೇನೋ ಕತ್ತೆ!" ಅಕ್ಕ ಅವನ ತಲೆಗೊಂದು ಮೊಟಕಿ, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. "ಹರಿಯದಿದ್ರೆ ಏನು ಮಾಡ್ಬೇಕಿತ್ತು, ಹೇಳಿ ಸರ್. ನೀನೂ ಹೇಳೋ."

ಅವರಿಬ್ಬರೂ ಹೊರಟಾಗ ಆರೂಮುಕ್ಕಾಲು. ಕೇಸ್ ಡೈರಿಯಲ್ಲಿ 'ಉದ್ದೇಶ' ಎಂಬುದರ ಎದುರು ಇನ್‌ಸ್ಪೆಕ್ಟರ್ ಬರೆದರು: ಅಕ್ಕ ಬರೆಯುವುದನ್ನು ನಿಲ್ಲಿಸಬಾರದೆಂದು.